ಕಮರಿನ್ಯಾಸಿನಿಂದ ಮೂರೊಸಿಗೆ

ಬೆಳಗಿನ ಐದಕ್ಕೆ ಹಗ್ಗ ಬಿಚ್ಚಿದೆವು.
ದಕ್ಕೆಯ ಮೇಲೆ ಐಸು ಒಡೆಯುತ್ತಿದ್ದ ಹುಡುಗ
ಕೈಯೆತ್ತಿದ; ನನಗೋ ದೋಣಿಗೋ ತಿಳಿಯಲಿಲ್ಲ.
ಹಣ ನಿನ್ನೆಯೇ ಬ್ಯಾಂಕಿಗೆ ಬಂದಿದೆ.
ಮೂರೊಸ್ ಮುಟ್ಟುವ ತನಕ ಮಾತ್ರ ನಾನು ಜೊತೆಗೆ,
ಕಲಿಸಿಕೊಡಲು. ಕಾಗದದಲ್ಲಿ ಹಾಗೆ ಬರೆದಿದೆ.

ಸಬೇಲ, ಲೂಗೊ ಊರಿನ ಹಲ್ಲಿನ ವೈದ್ಯೆ.
ಹೊಸ ಬೂಟು, ಹೊಸ ಟೊಪ್ಪಿ, ಹಳೆಯ ಕಣ್ಣು.
ಯಾವುದನ್ನೂ ಒಮ್ಮೆ ತಟ್ಟದೆ ಬಿಡುವವಳಲ್ಲ:
ಕೂವೆಮರ, ನೀರಿನ ಪಂಪು, ಒಲೆ,
ನನ್ನ ಮಾತು.

ಎಡಕ್ಕೆ ಮುಶಿಯಾದ ಬಂಡೆ, ಬಂಡೆಯ ಮೇಲಿನ ಇಗರ್ಜಿ
ಹಿಂದೆ ಸರಿದವು. ಈಶಾನ್ಯದ ಗಾಳಿ ಬೆನ್ನಿಗೆ.
ಹೇಳುತ್ತ ಹೋದೆ: ಈ ಕವಾಟ ಮುಚ್ಚದೆ ಮಲಗಬೇಡ.
ಡೀಸೆಲ್ಲಿನ ಮುಳ್ಳು ಸುಳ್ಳು, ಕೋಲು ಅದ್ದಿ ನೋಡು.
ಗಾಳಿ ಬೆನ್ನಿಗಿದ್ದಾಗ ಅಡ್ಡಮರಕ್ಕೊಂದು ಹಗ್ಗ ಬಿಗಿ,
ಹೊರಳಿತೋ, ಬುರುಡೆ ಉಳಿಯದು.
ಹೇಳಬೇಕಾದ್ದೆಲ್ಲ ಹೇಳಿದೆ.
ಒಂದನ್ನು ಬಿಟ್ಟು.

ಚುಕ್ಕಾಣಿಯ ಚಕ್ರಕ್ಕೆ ಎಂಟು ಕಡ್ಡಿ.
ಒಂದಕ್ಕೆ ಹುರಿ ಸುತ್ತಿರುತ್ತದೆ, ಕತ್ತಲಲ್ಲಿ
ಕೈಗಾದರೂ ತಿಳಿಯಲಿ ಎಂದು:
ಹುರಿ ನೆತ್ತಿಗಿದ್ದರೆ ದೋಣಿ ನೆಟ್ಟಗೆ.
ನನ್ನ ದೋಣಿಗೆ ಹನ್ನೊಂದು ವರ್ಷದಿಂದ ಹಾಗಿಲ್ಲ.
ಬಿಟ್ಟರೆ ಎಡಕ್ಕೆ ಎಳೆಯುತ್ತದೆ,
ಈ ದಾರಿಯಲ್ಲಿ ಎಡಕ್ಕೆಂದರೆ ಕಲ್ಲು.
ಅವಳು ನೋಡಲು ಬರುವ ಹಿಂದಿನ ರಾತ್ರಿ
ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಹುರಿ ಬಿಚ್ಚಿ, ಪಕ್ಕದ ಕಡ್ಡಿಗೆ ಸುತ್ತಿದ್ದೆ.
ನೆಟ್ಟಗಾಯಿತು.

ಟೊರಿನ್ಯಾನ್ ದಾಟುವಾಗ ಸಬೇಲ
‘ಬಲಹೆಗಲು ಯಾಕೋ ನೋಯುತ್ತಿದೆ’ ಎಂದಳು.
ನಾನು ನನ್ನ ಹೆಗಲು ಮುಟ್ಟಿ ನೋಡಿಕೊಂಡೆ.

ಫಿಸ್ಟೆರಾದ ಮೂಗು ತಿರುಗುವ ಮೊದಲೇ ಮಂಜು.
ಮೊದಲು ದೀಪಸ್ತಂಭ ಹೋಯಿತು, ಆಮೇಲೆ ಬೆಟ್ಟ,
ಆಮೇಲೆ ನಮ್ಮದೇ ದೋಣಿಯ ಮುಂದಿನ ತುದಿ.
ಹಿಂದೆ ಇಲ್ಲಿ ಮಂಜು ಕವಿದರೆ ಕೊಂಬು ಕೂಗುತ್ತಿತ್ತು,
ಹಸು ಎನ್ನುತ್ತಿದ್ದೆವು ಅದನ್ನು. ಈಗ ಹಸುವೂ ಇಲ್ಲ.
ಅಲೆ ಎಲ್ಲೋ ಕಲ್ಲಿಗೆ ಬಡಿಯುವ ಸದ್ದು,
ಎಷ್ಟು ದೂರ ಎಂದು ಹೇಳದ ಸದ್ದು.
ಚಕ್ರ ಅವಳ ಕೈಯಲ್ಲಿ.

‘ಎಡಕ್ಕೆ ಎಳೆಯುತ್ತದೆ,’ ಎಂದೆ. ‘ಇನ್ನೂ ಬಲಕ್ಕೆ ಹಿಡಿ.
ಅಡಿಗೆ ಕಲ್ಲು ತಾಗಿತ್ತು. ತೇಲುವ ಮರದ ದಿಮ್ಮಿ ಎಂದು
ವಿಮೆಯವರಿಗೆ ಹೇಳಿದೆ, ಊರಿಗೆ ಹೇಳಿದೆ,
ಕಸೂತಿ ಕಡ್ಡಿ ಕಟಕಟಿಸುತ್ತ ಕೂತಿದ್ದ ಹೆಂಡತಿಗೂ ಹೇಳಿದೆ.
ದಿಮ್ಮಿ ಇರಲಿಲ್ಲ. ನಿದ್ದೆ ಹೋಗಿದ್ದೆ.’

ಅವಳು ದಿಕ್ಸೂಚಿಯಿಂದ ಕಣ್ಣು ಕೀಳಲಿಲ್ಲ.
‘ಗೊತ್ತು, ಸೀನ್ಯೊರ್ ಎಲಾಡಿಯೊ.
ನಿದ್ದೆಯದ್ದಲ್ಲ, ಹುರಿಯದ್ದು.
ಹಳೆಯ ಕಡ್ಡಿ ನೋಡಿ: ಬಿಸಿಲು ಕಾಣದ ಮರ,
ಹಲ್ಲು ಕಿತ್ತ ಒಸಡಿನ ಹಾಗೆ ಬೆಳ್ಳಗೆ.
ಅದಕ್ಕೇ ಎರಡು ಸಾವಿರ ಕಡಿಮೆ ಕೇಳಿದ್ದು.’

ಆ ಎರಡು ಸಾವಿರ ಬಿಟ್ಟುಕೊಟ್ಟ ದಿನ
ಎಂಥ ಉದಾರಿ ನಾನು ಎಂದು
ಎರಡು ಲೋಟ ವೈನು ಕುಡಿದಿದ್ದೆ.

ಒಂದು ತಾಸು ಇಬ್ಬರೂ ಮಾತಾಡಲಿಲ್ಲ.
ಬ್ರೆಡ್ಡು ಮುರಿದು ಕೊಟ್ಟೆ, ಬಾಯಿಂದಲೇ ತೆಗೆದುಕೊಂಡಳು,
ಕೈ ಬಿಡಲಿಲ್ಲ. ಆಗ ನನಗೆ ನಂಬಿಕೆ ಬಂತು.

ಲೋರೊ ಬೆಟ್ಟದ ಎರಡು ನೆತ್ತಿ ಮಂಜಿನ ಮೇಲೆ ಎದ್ದವು.
ಒಳಗೆ ಬಿಸಿಲು, ಕಮಾನುಗಳ ಊರು,
ಬಲೆ ಒಣಗುವ ವಾಸನೆ.
ಕಟ್ಟೆಗೆ ತಾಗಿಸಿದ್ದು ಅವಳೇ, ಸ್ವಲ್ಪ ಜೋರಾಗಿ.
‘ಹುರಿಯನ್ನು ಹಳೆಯ ಜಾಗಕ್ಕೆ ಸುತ್ತಿಕೊಡಿ,
ಓರೆಯನ್ನು ಓರೆಯಾಗಿಯೇ ಕಲಿಯುತ್ತೇನೆ.’
ಸುತ್ತಿದೆ. ನಾಲ್ಕು ಸಲ ಗಂಟು ತಪ್ಪಿತು.

ಈಗ ಬಸ್ಸು. ಸೆಯ್ ಊರಲ್ಲಿ ಇಳಿದು ಇನ್ನೊಂದು ಬಸ್ಸು.
ಕಡಲು ಎಡಕ್ಕಿದೆ, ಬೆಳಿಗ್ಗೆ ನೆಲವಿದ್ದ ಕಡೆಗೆ.
ಹೇಗಾಯಿತು ಎಂದು ಒಟಿಲಿಯಾ ಕೇಳುತ್ತಾಳೆ.
ಮರುವಾಯಿ ತರಲು ಹೇಳಿದ್ದಳು,
ಮರೆತೆ. ಅದರಿಂದಲೇ ಶುರುಮಾಡಬೇಕು.